ಮುಳುಗುವ ಮೊದಲು ಒಂದು ಫೋಟೊ

ಮುಖರ್ಜಿ ನಗರದ ನನ್ನ ಬಾಡಿಗೆ ಮನೆಯಲ್ಲಿ ಲ್ಯಾಪ್‌ಟಾಪ್ ಪಕ್ಕ ಒಂದು ಹಳೆಯ ಪೋಸ್ಟ್‌ಕಾರ್ಡ್ ಇದೆ. ಮಹಿಳಾ ಹಾಟ್‌ನ ಭಾನುವಾರದ ಪುಸ್ತಕ ಸಂತೆಯಲ್ಲಿ ಕೊಂಡದ್ದು. ಯಮುನೆ, ಅದರ ಮೇಲೆ ಕಬ್ಬಿಣದ ಸೇತುವೆ. ಮೇಲೆ ರೈಲು, ಕೆಳಗೆ ರಸ್ತೆ.

ನೂರು ವರ್ಷಗಳ ಹಿಂದೆ ಇಂಥ ಕಾರ್ಡುಗಳದ್ದು ದೊಡ್ಡ ವ್ಯಾಪಾರ. ಚಾಂದನಿ ಚೌಕದ ಎಚ್.ಎ. ಮಿರ್ಜಾ ಅಂಡ್ ಸನ್ಸ್‌ನಂಥ ಸ್ಟುಡಿಯೊಗಳು ದಿಲ್ಲಿಯ ಕೋಟೆ, ಮಸೀದಿ, ಬೀದಿಗಳನ್ನು ಅಚ್ಚು ಹಾಕಿ ಮಾರುತ್ತಿದ್ದವು. ಅವರಿಗೆ ಅದು ವ್ಯಾಪಾರವಾಗಿತ್ತು. ನಮಗೆ ಇಂದು ದಾಖಲೆ.

1860ರ ದಶಕದ ಆ ಸೇತುವೆಯ ಬಳಿಯೇ ಇಂದಿಗೂ ಯಮುನೆಯ ಮಟ್ಟ ಅಳೆಯುತ್ತಾರೆ. 2023ರ ಜುಲೈ 13ರಂದು ಅಲ್ಲಿ ನೀರು 208.66 ಮೀಟರ್ ಮುಟ್ಟಿ, 1978ರ 207.49 ಮೀಟರ್ ದಾಖಲೆ ಮುರಿಯಿತು. ಕೆಂಪುಕೋಟೆಯ ಗೋಡೆಗೂ ನೀರು ತಾಗಿತು. ಟಿ.ವಿ.ಯವರು ಬೆರಗಾದರು, ನಮ್ಮ ಮನೆ ಮಾಲೀಕರು ಬೆರಗಾಗಲಿಲ್ಲ. 1978 ಅವರಿಗೆ ನೆನಪಿತ್ತು. ಹಳೆಯ ಚಿತ್ರಗಳಲ್ಲಿ ನದಿ ಕೋಟೆಯ ಬುಡದಲ್ಲೇ ಹರಿಯುತ್ತದೆ. ಅಂದರೆ ನದಿ ತನ್ನ ಹಳೆಯ ಜಾಗಕ್ಕೇ ಬಂದಿತ್ತು.

ಕಾರ್ಡು ನೋಡಿದಾಗಲೆಲ್ಲ ನನಗೆ ಘಟಪ್ರಭೆಯ ದಂಡೆಯ ಬಾಗಲಕೋಟೆ ನೆನಪಾಗುತ್ತದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟೆಯಲ್ಲಿ ನೀರು 519.6 ಮೀಟರ್‌ಗೆ ನಿಂತಾಗ ಹಿನ್ನೀರು ನಮ್ಮ ಓಣಿಯನ್ನು ನುಂಗಿತು. ನಾವು ನವನಗರಕ್ಕೆ ಬಂದೆವು. ಮೊನ್ನೆ ಅವ್ವನಿಗೆ ಫೋನ್ ಮಾಡಿ ಹಳೇ ಮನೆಯ ಫೋಟೊ ಕೇಳಿದೆ.

“ಮನಿ ಫೋಟೊ ಯಾರ ತಗಸ್ತಾರಪಾ? ನಿನ್ನ ಜವಳದ ಫೋಟೊದಾಗ ಹಿಂದ ಕಟ್ಟಿ ಕಾಣಸ್ತೈತಿ ನೋಡು” ಅಂದಳು.

ಹುಟ್ಟಿದ ಮನೆಗೆ ನನ್ನ ಬಳಿ ಉಳಿದಿರುವ ಸಾಕ್ಷಿ ಅರ್ಧ ಕಟ್ಟೆ ಮಾತ್ರ. ಯಾರೋ ದಿಲ್ಲಿಯವರ ಸೇತುವೆ ಮಾತ್ರ ನನ್ನ ಮೇಜಿನ ಮೇಲೆ ಪೂರ್ತಿ ಇದೆ.

ಈ ಮಾತು ಈಗ ಯಾಕೆಂದರೆ, ಕೃಷ್ಣಾ ನ್ಯಾಯಾಧಿಕರಣ 2010ರಲ್ಲೇ ಆಲಮಟ್ಟಿಯಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿದೆ. ಗೇಟು ಎತ್ತರಿಸಿದ ದಿನ ಇನ್ನಷ್ಟು ಹಳ್ಳಿಗಳು, ಬಾಗಲಕೋಟೆಯ ಇನ್ನಷ್ಟು ಓಣಿಗಳು ನೀರಿಗೆ ಹೋಗುತ್ತವೆ. ಒಣಭೂಮಿಗೆ ನೀರು ಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಪರಿಹಾರ, ನಿವೇಶನ ಮೊದಲು ಸಿಗಬೇಕು ಅನ್ನುವುದೂ ಸರಿ. ಆದರೆ ಪರಿಹಾರದ ಲೆಕ್ಕಕ್ಕೆ ಗೋಡೆಯ ಉದ್ದಗಲ ಸಿಗುತ್ತದೆ, ಮರದ ಎಣಿಕೆ ಸಿಗುತ್ತದೆ. ಹೋಳಿಯಲ್ಲಿ ಬಣ್ಣದ ಬಂಡಿ ತಿರುಗುತ್ತಿದ್ದ ಮೂಲೆ, ಸಂಜೆ ಹೆಂಗಸರು ಕೂರುತ್ತಿದ್ದ ಕಟ್ಟೆ ಯಾವ ಕಾಲಮ್ಮಿಗೂ ಬರುವುದಿಲ್ಲ.

ಸರ್ವೆಗೆ ಹೋಗುವ ಸಿಬ್ಬಂದಿಯೇ ಪ್ರತಿ ಓಣಿಯ ಚಿತ್ರ ತೆಗೆದು ಜಿಲ್ಲಾಡಳಿತ ಅದನ್ನು ಸಾರ್ವಜನಿಕರಿಗೆ ತೆರೆದಿಡಬೇಕು. ಇದಕ್ಕೆ ಬೇಕಾದದ್ದು ಒಂದು ಮೊಬೈಲು, ಒಂದಿಷ್ಟು ಸರ್ವರ್ ಜಾಗ. ಸಾಫ್ಟ್‌ವೇರ್‌ನವನಾಗಿ ಹೇಳುತ್ತೇನೆ, ಅದು ದೊಡ್ಡ ಖರ್ಚಲ್ಲ. ಹೊರರಾಜ್ಯದಲ್ಲಿರುವ ನಾವೂ ಸುಮ್ಮನಿರಬಾರದು. ಮುಂದಿನ ಸಲ ಊರಿಗೆ ಹೋದಾಗ ಹಬ್ಬದೂಟದ ಸೆಲ್ಫಿ ಜೊತೆಗೆ ಓಣಿಯ ಎರಡೂ ಬದಿಯ ಫೋಟೊ ತೆಗೆಯಿರಿ. ಓಣಿಯ ಹೆಸರು, ಮನೆತನದ ಹೆಸರು, ತಾರೀಖು ಬರೆದಿಡಿ. ಟ್ರಂಕಿನಲ್ಲಿರುವ ಮದುವೆ ಆಲ್ಬಮ್ ಸ್ಕ್ಯಾನ್ ಮಾಡಿ. ಮದುಮಕ್ಕಳ ಹಿಂದೆ ಊರು ನಿಂತಿರುತ್ತದೆ.

ನಾನು ಈ ಯುಗಾದಿಗೆ ಹೋಗುತ್ತಿದ್ದೇನೆ. ಉಳಿದಿರುವ ಓಣಿಗಳನ್ನು ಅವ್ವ ತೋರಿಸುತ್ತೇನೆ ಎಂದಿದ್ದಾಳೆ.