ಕೈಗೆ ಗ್ರೀಸು ಮೆತ್ತಿದರೆ ಬಿ.ಇ.ಗೆ ಅವಮಾನವೇ?

ಪ್ಯಾಸ್ಕಲ್ ನಿಯಮ ಬರೆಯಿರಿ ಎಂದರೆ ನಮ್ಮ ಬ್ಯಾಚಿನ ಯಾರಾದರೂ ಎರಡು ನಿಮಿಷದಲ್ಲಿ ಬರೆದು ಕೊಡುತ್ತಾರೆ. ಅದೇ ನಿಯಮದ ಮೇಲೆ ಕೆಲಸ ಮಾಡುವ ಕಾರಿನ ಬ್ರೇಕ್ ಕ್ಯಾಲಿಪರನ್ನು ಬಿಚ್ಚಿ ನೋಡಿದವರು ಎಷ್ಟು ಮಂದಿ ಎಂದು ಕೇಳಿದರೆ ಮಾತ್ರ ತರಗತಿಯೆಲ್ಲ ಮೌನ. ‘ಅದೆಲ್ಲ ಗ್ಯಾರೇಜ್ ಹುಡುಗ್ರ ಕೆಲ್ಸ ಬಿಡೋ’ ಎಂಬ ಉತ್ತರ ಹಿಂದಿನ ಬೆಂಚಿನಿಂದ ಬರುತ್ತದೆ. ನನ್ನ ತಕರಾರು ಇರುವುದು ಈ ಉತ್ತರದ ಮೇಲೆಯೇ.

ನಮ್ಮ ಸೀಮೆಯ ಕಾರುಗಳಿಗೆ ಬ್ರೇಕ್ ಹಿಡಿದುಕೊಳ್ಳುವುದು ಅಪರೂಪದ ಕಾಯಿಲೆಯಲ್ಲ. ಬೇಲೂರಿನ ಕಡೆ ಮಲೆನಾಡಿನ ಮಳೆ, ತೇವ. ಅರಸೀಕೆರೆ ಕಡೆ ಬಯಲುಸೀಮೆಯ ಧೂಳು. ಜಾವಗಲ್, ಹಳೇಬೀಡು ಮಾರ್ಗವಾಗಿ ಓಡಾಡುವ ಕಾರು ಎರಡನ್ನೂ ಉಣ್ಣುತ್ತದೆ. ಹಬ್ಬಕ್ಕೋ ಮದುವೆಗೋ ಮಾತ್ರ ಹೊರಗೆ ಬಂದು, ಉಳಿದ ದಿನ ಮನೆ ಮುಂದೆ ನಿಂತೇ ಇರುವ ಹಳೆಯ ಕಾರಿನ ಪಾಡಂತೂ ಹೇಳುವುದೇ ಬೇಡ.

ಸಾಮಾನ್ಯ ಕಾರುಗಳ ಮುಂದಿನ ಚಕ್ರದ ಕ್ಯಾಲಿಪರಿನಲ್ಲಿ ಒಂದು ಪಿಸ್ಟನ್ ಇರುತ್ತದೆ. ಪೆಡಲ್ ಒತ್ತಿದಾಗ ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ತಳ್ಳುತ್ತದೆ. ಆಗ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ತರುತ್ತದೆ. ಕಾಲು ತೆಗೆದಾಗ ಪಿಸ್ಟನ್ನಿನ ಸುತ್ತ ಇರುವ ರಬ್ಬರ್ ಸೀಲ್ ಅದನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಪಿನ್ನಿಗೆ ತುಕ್ಕು ಹಿಡಿದರೆ, ರಬ್ಬರ್ ಹರಿದು ಮಣ್ಣು ನುಗ್ಗಿದರೆ ಈ ಜಾರಾಟ ನಿಲ್ಲುತ್ತದೆ. ಕಾಲು ತೆಗೆದರೂ ಬ್ರೇಕ್ ಬಿಡುವುದಿಲ್ಲ.

ಲಕ್ಷಣ ಗುರುತಿಸಲು ಡಿಗ್ರಿ ಬೇಕಿಲ್ಲ. ಕಾರು ಒಂದೇ ಕಡೆಗೆ ಎಳೆಯುತ್ತದೆ, ಮೈಲೇಜು ಇಳಿಯುತ್ತದೆ, ಇಳಿದು ನೋಡಿದರೆ ಒಂದು ಚಕ್ರದಿಂದ ಮಾತ್ರ ಸುಟ್ಟ ವಾಸನೆ, ಬಿಸಿ. ಡಿಸ್ಕನ್ನು ಮುಟ್ಟಬೇಡಿ, ಹತ್ತಿರ ಕೈ ಒಯ್ದರೆ ಸಾಕು, ಉಳಿದ ಚಕ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ತಿಳಿಯುತ್ತದೆ.

‘ಸ್ವಲ್ಪ ಹಿಡೀತಿದೆ, ಓಡಿಸಬಹುದು’ ಎನ್ನುವವರಿಗೆ ಒಂದು ಲೆಕ್ಕ. ಡಾಟ್ 3 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಅದು ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಬೇಲೂರಿನಿಂದ ಧರ್ಮಸ್ಥಳಕ್ಕೆ ಹೊರಟವರು ಚಾರ್ಮಾಡಿ ಘಾಟಿ ಇಳಿಯಬೇಕು. ಮೊದಲೇ ಕಾದ ಬ್ರೇಕಿನ ಆಯಿಲ್ ಅಲ್ಲಿ ಕುದಿದು ಆವಿಯಾದರೆ ಪೆಡಲ್ ಸುಮ್ಮನೆ ಒಳಗೆ ಹೋಗುತ್ತದೆ. ಕಾರು ನಿಲ್ಲುವುದಿಲ್ಲ.

ನಮ್ಮ ಮನೆಯ ಹಳೆಯ ಕಾರಿಗೆ ಹೀಗಾದಾಗ ಒಂದು ಗ್ಯಾರೇಜಿನಲ್ಲಿ ಚಕ್ರ ಬಿಚ್ಚದೆಯೇ ‘ಎರಡೂ ಕ್ಯಾಲಿಪರ್ ಹೊಸದು ಹಾಕಬೇಕು’ ಎಂದರು. ಅಪ್ಪ ಹಣ ಹೊಂದಿಸಲು ಹೊರಟಿದ್ದರು. ಪರಿಚಯದ ಮೆಕ್ಯಾನಿಕ್ ಅಣ್ಣನೊಬ್ಬರನ್ನು ಜತೆಗಿಟ್ಟುಕೊಂಡು ಮನೆ ಮುಂದೆಯೇ ಬಿಚ್ಚಿದೆವು. ಪಿಸ್ಟನ್ ಸರಿಯಾಗಿತ್ತು. ಕೆಳಗಿನ ಪಿನ್ ಮಾತ್ರ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಹೊಸ ಪಿನ್, ಹೊಸ ರಬ್ಬರ್ ಹಾಕಿದ ಮೇಲೆ ಚಕ್ರ ಕೈಯಲ್ಲೇ ತಿರುಗಿತು.

ಮನೆಯಲ್ಲಿ ಮಾಡುವುದಾದರೆ ಕ್ರಮ ತಪ್ಪಬಾರದು. ಸಮತಟ್ಟಾದ ಜಾಗ ಬೇಕು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಸಡಿಲಿಸಿ. ಜಾಕ್ ಎತ್ತುವುದಕ್ಕೆ ಮಾತ್ರ. ಭಾರ ಹೊರಲು ಸ್ಟ್ಯಾಂಡ್ ಇರಲೇಬೇಕು, ಇಟ್ಟಿಗೆ ಜೋಡಿಸಬೇಡಿ. ಕಳಚಿದ ಕ್ಯಾಲಿಪರನ್ನು ರಬ್ಬರ್ ಹೋಸಿನ ಮೇಲೆ ನೇತಾಡಲು ಬಿಡದೆ ತಂತಿಯಿಂದ ಕಟ್ಟಿ. ಪಿನ್ ಒರೆಸಿ ಬ್ರೇಕಿಗೆಂದೇ ಸಿಗುವ ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಿ. ಎಂಜಿನ್ ಆಯಿಲ್, ಸಾಮಾನ್ಯ ಗ್ರೀಸ್ ಹಾಕಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಹಿಡಿಯುತ್ತದೆ. ಪ್ಯಾಡಿಗೂ ಡಿಸ್ಕಿಗೂ ಗ್ರೀಸಿನ ಹನಿಯೂ ತಾಗಬಾರದು. ಎಲ್ಲ ಬಿಗಿ ಮಾಡಿದ ಮೇಲೆ ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿ, ಆಮೇಲಷ್ಟೇ ಕಾರು ಕದಲಿಸಿ.

‘ಬ್ರೇಕಿನ ವಿಷಯದಲ್ಲಿ ಹುಡುಗಾಟ ಬೇಡ’ ಎನ್ನುವ ಹಿರಿಯರ ಮಾತು ಸರಿಯೇ. ಅದಕ್ಕೇ ಗೆರೆ ಎಲ್ಲಿದೆ ಎಂದು ತಿಳಿದಿರಬೇಕು. ಪಿಸ್ಟನ್ ಜಾಮ್ ಆಗಿದ್ದರೆ, ಆಯಿಲ್ ಸೋರುತ್ತಿದ್ದರೆ, ಹೋಸ್ ಒಳಗೇ ಕಟ್ಟಿಕೊಂಡ ಅನುಮಾನವಿದ್ದರೆ ಅದು ಮೆಕ್ಯಾನಿಕ್ ಕೆಲಸ. ಆದರೆ ಅಲ್ಲೂ ಒಂದು ಪ್ರಶ್ನೆ ಕೇಳಬಹುದು: ಬ್ಲೀಡರ್ ನಿಪ್ಪಲ್ ಸಡಿಲಿಸಿದಾಗ ಚಕ್ರ ಬಿಡುತ್ತದೆಯೇ? ಬಿಟ್ಟರೆ ಒತ್ತಡ ಒಳಗೆ ಸಿಕ್ಕಿಕೊಂಡಿದೆ, ಹೋಸ್ ಅಥವಾ ಮಾಸ್ಟರ್ ಸಿಲಿಂಡರ್ ನೋಡಬೇಕು. ಬಿಡದಿದ್ದರೆ ದೋಷ ಕ್ಯಾಲಿಪರಿನಲ್ಲೇ ಇದೆ. ಈ ಪ್ರಶ್ನೆ ಕೇಳುವ ಗಿರಾಕಿಗೆ ಬೇಡದ ಸಾಮಾನು ಮಾರುವುದು ಕಷ್ಟ. ಪ್ರಾಮಾಣಿಕ ಮೆಕ್ಯಾನಿಕ್ಕಿಗೂ ಇಂಥ ಗಿರಾಕಿಯೇ ಇಷ್ಟ.

ಹಳೇಬೀಡಿನ ಹೊಯ್ಸಳೇಶ್ವರದ ಕಂಬಗಳನ್ನು ಕಡೆದು ತಿರುವಿದ ನುಣುಪನ್ನು ನಾವು ನೆಂಟರಿಗೆಲ್ಲ ತೋರಿಸುತ್ತೇವೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಸ್ಟೇಟಸ್ ಹಾಕದವರಿಲ್ಲ. ಆ ಶಿಲ್ಪಿಗಳಲ್ಲಿ ಹಲವರು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿಕೊಂಡರು. ಕೈಕೆಲಸ ಅವರಿಗೆ ನಾಚಿಕೆಯಾಗಿರಲಿಲ್ಲ, ಗುರುತಾಗಿತ್ತು. ಅದೇ ನೆಲದ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಪಾನಾ ಹಿಡಿಯುವುದು ಯಾಕೆ ಕೀಳಾಗಬೇಕು?

ಕಾಲೇಜುಗಳು ದೊಡ್ಡದೇನೂ ಮಾಡಬೇಕಿಲ್ಲ. ಗುಜರಿಯಿಂದ ನಾಲ್ಕು ಹಳೆಯ ಕ್ಯಾಲಿಪರ್ ತರಿಸಿ, ಊರಿನ ಅನುಭವಿ ಮೆಕ್ಯಾನಿಕ್ ಒಬ್ಬರನ್ನು ಗೌರವಧನ ಕೊಟ್ಟು ಕರೆಸಿ, ವರ್ಷಕ್ಕೆ ಒಂದು ಶನಿವಾರ ಪ್ರತಿ ವಿದ್ಯಾರ್ಥಿ, ವಿದ್ಯಾರ್ಥಿನಿಯ ಕೈಯಲ್ಲೂ ಬಿಚ್ಚಿಸಿ, ಜೋಡಿಸಲಿ. ಗ್ರೀಸಿನ ಕಲೆ ಸೋಪು ಹಾಕಿದರೆ ಹೋಗುತ್ತದೆ. ಅಂದು ಕೈಗೆ ಹತ್ತಿದ ವಿದ್ಯೆ ಮಾತ್ರ ಉಳಿಯುತ್ತದೆ.

– ಬಿ.ಇ. ವಿದ್ಯಾರ್ಥಿ, ಅರಸೀಕೆರೆ