ನಗುವವರು ನಿಂತರೆ ಕಾಡಿಸುವವರೂ ನಿಲ್ಲುತ್ತಾರೆ

ನಾಲ್ಕನೇ ತರಗತಿಯ ಹುಡುಗ. ಬೆಳಿಗ್ಗೆ ಎಂಟು ಗಂಟೆಯಾಯಿತೆಂದರೆ ಹೊಟ್ಟೆನೋವು. ತಾಯಿ ಓಮದ ನೀರು ಕುಡಿಸಿದ್ದಾಯಿತು, ದೃಷ್ಟಿ ತೆಗೆದದ್ದಾಯಿತು. ನನ್ನ ಬಳಿ ಕರೆತಂದಾಗ ನಾನು ಜಂತುಹುಳುವಿನ ಔಷಧ ಬರೆದುಕೊಟ್ಟೆ. ಹದಿನೈದು ದಿನ ಬಿಟ್ಟು ಮತ್ತೆ ಬಂದರು. ಮೂತ್ರ ಪರೀಕ್ಷೆ ಮಾಡಿಸಿದೆ. ಏನೂ ಸಿಗಲಿಲ್ಲ. ಮೂರನೇ ಸಲ ಬಂದಾಗ ತಾಯಿಯೇ ಹೇಳಿದರು: ‘ಒಂದು ವಿಚಿತ್ರ ನೋಡಿ ಡಾಕ್ಟ್ರೇ, ಭಾನುವಾರ ಇವನಿಗೆ ನೋವೇ ಇರೋಲ್ಲ.’

ಆಗ ನನಗೆ ಬುದ್ಧಿ ಬಂತು. ‘ಮಧ್ಯಾಹ್ನ ಊಟಕ್ಕೆ ಯಾರ ಪಕ್ಕ ಕೂರ್ತೀಯಪ್ಪಾ?’ ಎಂದು ಕೇಳಿದೆ. ಹುಡುಗ ತಲೆ ತಗ್ಗಿಸಿದ. ಕಣ್ಣು ತುಂಬಿ ಬಂತು. ಅವನಿಗೆ ಸ್ವಲ್ಪ ಉಗ್ಗು. ಶಾಲೆಯ ಹಿಂಭಾಗದ ನಲ್ಲಿಯ ಹತ್ತಿರ ಅವನದೇ ತರಗತಿಯ ದೊಡ್ಡ ಹುಡುಗನೊಬ್ಬ ದಿನವೂ ಅಡ್ಡಗಟ್ಟಿ, ‘ನಿನ್ನ ಹೆಸರು ಹೇಳು, ಬಿಡ್ತೀನಿ’ ಎನ್ನುತ್ತಿದ್ದ. ಇವನು ತಡವರಿಸಿದಷ್ಟೂ ಸುತ್ತ ನಿಂತವರು ನಗುತ್ತಿದ್ದರು. ಆ ಕಡೆ ಹೋಗುವುದೇ ಬೇಡವೆಂದು ಹುಡುಗ ಶಾಲೆಯಲ್ಲಿ ನೀರು ಕುಡಿಯುವುದನ್ನೂ ಮೂತ್ರಕ್ಕೆ ಹೋಗುವುದನ್ನೂ ಬಿಟ್ಟಿದ್ದ. ಮೊದಲೆರಡು ಸಲವೂ ನಾನು ಅವನ ಹೊಟ್ಟೆಯನ್ನಷ್ಟೇ ಮುಟ್ಟಿ ನೋಡಿದ್ದೆ.

‘ಮಕ್ಕಳ ಕೀಟಲೆ ತಾನೇ, ನಾವೆಲ್ಲ ಅನುಭವಿಸಿಲ್ಲವೇ’ ಎಂದು ನೀವು ಕೇಳಬಹುದು. ಕೀಟಲೆ ಬೇರೆ, ಇದು ಬೇರೆ. ಸಮಬಲದ ಇಬ್ಬರು ಇಂದು ಜಗಳವಾಡಿ ನಾಳೆ ಜೊತೆಗೂಡಿದರೆ ಅದು ಆಟ. ಬಲಶಾಲಿಯೊಬ್ಬ ಬಲವಿಲ್ಲದವನನ್ನು, ನೋಯಿಸಬೇಕೆಂದೇ, ಮತ್ತೆ ಮತ್ತೆ ಗೋಳುಹೊಯ್ದುಕೊಂಡರೆ ಅದು ಪೀಡನೆ. ನಾರ್ವೆಯ ಬರ್ಗೆನ್‌ನಲ್ಲಿ ದಶಕಗಳ ಕಾಲ ಈ ವಿಷಯವನ್ನು ಅಭ್ಯಾಸ ಮಾಡಿದ ಡ್ಯಾನ್ ಓಲ್ವೇಯಸ್ ಹಾಕಿಕೊಟ್ಟ ಗೆರೆಯಿದು. ಹೊಡೆತವೇ ಬೇಕೆಂದಿಲ್ಲ. ಅಡ್ಡಹೆಸರು, ಆಟಕ್ಕೆ ಸೇರಿಸಿಕೊಳ್ಳದಿರುವುದು, ಇಡೀ ತರಗತಿಯೇ ಸೇರಿ ಒಬ್ಬಳಿಗೆ ‘ಟೂ’ ಬಿಡುವುದು, ಎಲ್ಲವೂ ಇದರಲ್ಲಿ ಸೇರುತ್ತವೆ.

ಯುನೆಸ್ಕೋ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಜಗತ್ತಿನ ಶಾಲಾ ಮಕ್ಕಳಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದರೂ ಇಂಥ ಪೀಡನೆಗೆ ಒಳಗಾಗಿದ್ದರು. ಇದರ ಫಲ ಮನಸ್ಸಿಗೆ ಮಾತ್ರ ಸೀಮಿತವಲ್ಲ. ಹೊಟ್ಟೆನೋವು, ತಲೆನೋವು, ನಿದ್ದೆಗೇಡು, ಹಾಸಿಗೆ ಒದ್ದೆ ಮಾಡುವುದು, ಹಸಿವಿಲ್ಲದಿರುವುದು ಇವೆಲ್ಲ ಇಂಥ ಮಕ್ಕಳಲ್ಲಿ ಹೆಚ್ಚಾಗಿ ಕಂಡುಬರುತ್ತವೆ. ಮಗು ಸುಳ್ಳು ಹೇಳುತ್ತಿಲ್ಲ, ನೋವು ನಿಜ. ಭಯ ಮತ್ತು ಆತಂಕ ಕರುಳಿನ ಚಲನೆಯನ್ನೇ ಏರುಪೇರು ಮಾಡುತ್ತವೆ.

ಇಂಥ ಸಂದರ್ಭದಲ್ಲಿ ದೊಡ್ಡವರು ಎರಡು ಬಗೆಯ ಸಲಹೆ ಕೊಡುತ್ತಾರೆ. ಒಂದು, ‘ನೀನೂ ತಿರುಗಿಸಿ ಬಾರಿಸು’. ಇನ್ನೊಂದು, ‘ಅವರ ತಂಟೆಗೆ ಹೋಗಬೇಡ’. ಎರಡೂ ಸೋತ ಮಗುವಿನ ಹೆಗಲಿಗೇ ಭಾರ ಹೊರಿಸುವ ಮಾತುಗಳು. ತಿರುಗಿಸಿ ಬಾರಿಸುವ ಬಲವಿದ್ದಿದ್ದರೆ ಅವನನ್ನು ಯಾರೂ ಆರಿಸಿಕೊಳ್ಳುತ್ತಲೇ ಇರಲಿಲ್ಲ. ತಂಟೆಗೆ ಅವನು ಹೋಗಿಯೂ ಇಲ್ಲ. ತಂಟೆಯೇ ಅವನನ್ನು ಹುಡುಕಿಕೊಂಡು ಬಂದಿದೆ.

ಹಾಗಾದರೆ ಮದ್ದು ಎಲ್ಲಿದೆ? ನನ್ನ ಅಭಿಪ್ರಾಯದಲ್ಲಿ ಅದು ಸುತ್ತ ನಿಂತ ಮಕ್ಕಳಲ್ಲಿದೆ. ಕಾಡಿಸುವುದು ಒಂದು ಬಗೆಯ ನಾಟಕ. ನೋಡುಗರಿಲ್ಲದೆ ಅದು ನಡೆಯುವುದು ಅಪರೂಪ. ಕೆನಡಾದ ಟೊರಾಂಟೊದ ಪ್ರಾಥಮಿಕ ಶಾಲೆಗಳ ಆಟದ ಬಯಲಿನಲ್ಲಿ ಸಂಶೋಧಕರು ಮಕ್ಕಳ ನಡವಳಿಕೆಯನ್ನು ಚಿತ್ರೀಕರಿಸಿ, 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೀಡನೆಯ ನೂರು ಪ್ರಸಂಗಗಳಲ್ಲಿ 88ರಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಆದರೆ ಯಾರಾದರೂ ಮಧ್ಯೆ ಬಂದದ್ದು 19ರಲ್ಲಿ ಮಾತ್ರ. ಹಾಗೆ ಮಧ್ಯೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಪೀಡನೆ ಅಲ್ಲಿಗೇ, ಹತ್ತು ಸೆಕೆಂಡಿನೊಳಗೆ, ನಿಂತುಹೋಯಿತು. ಹೀಗೆ ತಡೆದವರು ಒಂದರಿಂದ ಆರನೇ ತರಗತಿಯ ಪುಟ್ಟ ಮಕ್ಕಳು!

ಇದೇ ತಿಳಿವಳಿಕೆಯ ಮೇಲೆ ಫಿನ್‌ಲೆಂಡಿನ ಟುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು ‘ಕಿವಾ’ ಎಂಬ ಕಾರ್ಯಕ್ರಮ ರೂಪಿಸಿದರು. 2009ರಿಂದ ಅದು ಆ ದೇಶದ ಶಾಲೆಗಳಲ್ಲಿ ವ್ಯಾಪಕವಾಗಿ ಜಾರಿಗೆ ಬಂತು. ಅದರಲ್ಲಿ ನನಗೆ ಹಿಡಿಸಿದ ಭಾಗ ಇದು. ಶಿಕ್ಷಕರು ಕಾಡಿಸಿದವನ ಜೊತೆಗೂ ಕಾಡಿಸಿಕೊಂಡವನ ಜೊತೆಗೂ ಬೇರೆ ಬೇರೆಯಾಗಿ ಮಾತನಾಡುತ್ತಾರೆ. ಜೊತೆಗೆ ತರಗತಿಯಲ್ಲಿ ಎಲ್ಲರೂ ಮೆಚ್ಚುವ ಎರಡು ಮೂರು ಮಕ್ಕಳನ್ನು ಕರೆದು, ನೊಂದ ಮಗುವಿಗೆ ನೀವು ಆಸರೆಯಾಗಿರಿ ಎಂದು ಕೇಳಿಕೊಳ್ಳುತ್ತಾರೆ.

ನಮ್ಮ ಊರಿಗೆ ಬರೋಣ. ತಾಯಿಯ ಒಪ್ಪಿಗೆ ಪಡೆದು ನಾನು ಆ ಹುಡುಗನ ಮೇಷ್ಟ್ರ ಜೊತೆ ಮಾತಾಡಿದೆ. ಅವರು ಜಾಣರು. ಯಾರ ಹೆಸರನ್ನೂ ಎತ್ತದೆ ಮಕ್ಕಳಿಗೆಲ್ಲ ಒಂದೊಂದು ಚೀಟಿ ಕೊಟ್ಟು, ‘ಶಾಲೆಯಲ್ಲಿ ನಿಮಗೆ ಭಯವಾಗುವ ಜಾಗ ಯಾವುದು, ಬರೆಯಿರಿ. ಹೆಸರು ಬೇಡ’ ಎಂದರು. ಅರ್ಧಕ್ಕರ್ಧ ಚೀಟಿಗಳಲ್ಲಿ ಆ ನಲ್ಲಿಯೇ ಇತ್ತು. ‘ಈಗ ಏನು ಮಾಡೋಣ?’ ಎಂದು ಮಕ್ಕಳನ್ನೇ ಕೇಳಿದರು. ಒಬ್ಬ, ನೀರಿಗೆ ಮೂವರು ಮೂವರಾಗಿ ಹೋಗೋಣ ಎಂದ. ಇನ್ನೊಬ್ಬ, ಯಾರನ್ನಾದರೂ ಅಡ್ಡಗಟ್ಟಿದರೆ ‘ಬಾರೋ, ಮೇಷ್ಟ್ರು ಕರೀತಿದಾರೆ’ ಎಂದು ಕೈಹಿಡಿದು ಕರೆತರೋಣ ಎಂದ. ಅಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ‘ನಾವು ನಗೋದು ನಿಲ್ಸಿದ್ರೆ ಅವರು ಯಾರಿಗೋಸ್ಕರ ಮಾಡ್ತಾರೆ ಸಾರ್?’ ಎಂದಳಂತೆ. ನಾನು ಪುಸ್ತಕಗಳಲ್ಲಿ ಓದಿದ್ದನ್ನು ಒಂಬತ್ತು ವರ್ಷದ ಹುಡುಗಿ ತಾನೇ ಕಂಡುಕೊಂಡಿದ್ದಳು.

ಒಂದೇ ದಿನದಲ್ಲಿ ಎಲ್ಲ ಸರಿಹೋಗಲಿಲ್ಲ. ಎರಡು ಸಲ ಹಳೆಯ ಕಥೆಯೇ ನಡೆಯಿತು. ಆದರೆ ನಗು ಕಡಿಮೆಯಾದಂತೆ ಕಾಡಿಸುವುದೂ ಕಡಿಮೆಯಾಯಿತು. ಆ ದೊಡ್ಡ ಹುಡುಗನನ್ನು ಮೇಷ್ಟ್ರು ಎಲ್ಲರೆದುರು ಬೈಯಲಿಲ್ಲ. ಒಬ್ಬನನ್ನೇ ಕೂರಿಸಿಕೊಂಡು, ಇದು ನಿಲ್ಲಲೇಬೇಕೆಂದು ಖಡಾಖಂಡಿತವಾಗಿ ಹೇಳಿದರು. ಆಮೇಲೆ ಖೊಖೊ ತಂಡ ಕಟ್ಟುವ ಕೆಲಸ ಒಪ್ಪಿಸಿದರು. ಅವನೂ ಮಗುವೇ ತಾನೇ?

ಮಕ್ಕಳು ಬಾಯಿಬಿಡದಿರಲು ದೊಡ್ಡ ಕಾರಣ ನಾವೇ. ‘ಚಾಡಿ ಹೇಳಬೇಡ’ ಎಂದು ಗದರಿಸಿ ಬೆಳೆಸುತ್ತೇವೆ. ಚಾಡಿಗೂ ದೂರಿಗೂ ಇರುವ ವ್ಯತ್ಯಾಸವನ್ನು ಮಾತ್ರ ಹೇಳಿಕೊಡುವುದಿಲ್ಲ. ಒಬ್ಬನನ್ನು ಸಿಕ್ಕಿಹಾಕಿಸಲು ಹೇಳಿದರೆ ಚಾಡಿ, ಒಬ್ಬನನ್ನು ಕಷ್ಟದಿಂದ ಬಿಡಿಸಲು ಹೇಳಿದರೆ ಅದು ಸಹಾಯ. ಇಷ್ಟನ್ನು ಐದು ವರ್ಷದ ಮಗುವಿಗೂ ತಿಳಿಸಬಹುದು.

ಒಂದು ಎಚ್ಚರಿಕೆ. ಎಲ್ಲವನ್ನೂ ಮಕ್ಕಳ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಕಾಡಿಸಿದವನನ್ನೂ ಕಾಡಿಸಿಕೊಂಡವನನ್ನೂ ಎದುರುಬದುರು ನಿಲ್ಲಿಸಿ, ಮಕ್ಕಳಿಂದಲೇ ರಾಜಿ ಮಾಡಿಸುವುದು ಸರಿಯಲ್ಲ. ರಾಜಿ ಸಮಬಲರ ನಡುವೆ ಆಗುವಂಥದ್ದು. ಜಾತಿ ಎತ್ತಿ ಹೀಯಾಳಿಸುವುದು, ಹಣ ಕೀಳುವುದು, ಗಾಯವಾಗುವಂತೆ ಹೊಡೆಯುವುದು, ಮೈಮೇಲೆ ಕೈಹಾಕುವುದು ಇವು ಮಕ್ಕಳು ಬಗೆಹರಿಸುವ ವಿಷಯಗಳೇ ಅಲ್ಲ. ಅಲ್ಲಿ ದೊಡ್ಡವರು ತಕ್ಷಣ ನಡುವೆ ಬರಬೇಕು. ಶಾಲೆ ಕಿವಿಗೊಡದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಕರೆ ಉಚಿತ, ಮಗುವೇ ಮಾಡಬಹುದು. ಮಗು ಊಟ ನಿದ್ದೆ ಬಿಟ್ಟಿದ್ದರೆ, ಬದುಕುವುದೇ ಬೇಡ ಎಂಬಂಥ ಮಾತಾಡಿದರೆ, ಒಂದು ದಿನವೂ ಕಾಯದೆ ವೈದ್ಯರ ಬಳಿ ಕರೆದೊಯ್ಯಿರಿ.

ನಮ್ಮ ಹುಡುಗನ ಉಗ್ಗು ಇನ್ನೂ ಪೂರ್ತಿ ಹೋಗಿಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಅದಕ್ಕೆ ತರಬೇತಿ ನಡೆದಿದೆ. ಹೊಟ್ಟೆನೋವು ಮಾತ್ರ ಹೋಗಿದೆ. ಔಷಧ ಕೊಟ್ಟವನು ನಾನಲ್ಲ, ಅವನ ಜೊತೆ ನೀರಿಗೆ ಹೋದ ಇಬ್ಬರು ಹುಡುಗರು.

ಇಂದು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮಗುವನ್ನು ‘ನಿನ್ನನ್ನು ಯಾರಾದರೂ ಕಾಡಿಸುತ್ತಾರಾ?’ ಎಂದು ಖಂಡಿತ ಕೇಳಿ. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ‘ಬೇರೆಯವರನ್ನು ಕಾಡಿಸುವಾಗ ನೀನು ಏನು ಮಾಡ್ತೀಯ?’ ಏಕೆಂದರೆ ನಿಮ್ಮ ಮಗು ಅಳುವವರ ಗುಂಪಿಗಿಂತ, ಸುತ್ತ ನಿಂತು ನಗುವವರ ಗುಂಪಿನಲ್ಲಿರುವ ಸಾಧ್ಯತೆಯೇ ಹೆಚ್ಚು.