ಹುಬ್ಬಿನ ಮೈಕ್ರೋಬ್ಲೇಡಿಂಗ್: ಹಣ ಕೊಡುವ ಮುನ್ನ, ಹಣ ಪಡೆಯುವ ಮುನ್ನ

ಬೆಳಗಾವಿ–ಬಾಗಲಕೋಟೆ ರಸ್ತೆಯ ಮೇಲಿರುವ ಯರಗಟ್ಟಿ, ಅದರ ನೆರೆಯ ಸವದತ್ತಿ, ಬೈಲಹೊಂಗಲ, ರಾಮದುರ್ಗ ಪೇಟೆಗಳಲ್ಲಿ ಸೌಂದರ್ಯ ಸಾಮಗ್ರಿಯ ವ್ಯಾಪಾರವೆಂದರೆ ಒಂದು ಕಾಲಕ್ಕೆ ಬಳೆ, ಕುಂಕುಮ, ಕಾಡಿಗೆ ಮತ್ತು ಪೌಡರಿಗೆ ಸೀಮಿತವಾಗಿತ್ತು. ಬ್ಯೂಟಿ ಪಾರ್ಲರುಗಳು ಬಂದ ಮೇಲೆ ಹುಬ್ಬು ತೀಡಿಸುವುದು ಸಾಮಾನ್ಯವಾಯಿತು. ಈಗ ಮೊಬೈಲ್ ಜಾಹೀರಾತುಗಳ ಮೂಲಕ ಮೈಕ್ರೋಬ್ಲೇಡಿಂಗ್ ಎಂಬ ಸೇವೆಯ ಹೆಸರು ಸಣ್ಣ ಪಟ್ಟಣಗಳ ಕುಟುಂಬಗಳಿಗೂ ತಲುಪಿದೆ. ಮದುವೆಯ ಹಂಗಾಮಿನಲ್ಲಿ ಇದಕ್ಕಾಗಿ ಹಣ ಕೊಡುವವರು ವರ್ತಕರ ಮನೆಯವರೇ. ಈ ಸೇವೆ ನೀಡುವ ಅಂಗಡಿ ತೆರೆಯಲು ಬಂಡವಾಳ ಹೂಡುವವರಲ್ಲಿಯೂ ವರ್ತಕ ಬಂಧುಗಳಿದ್ದಾರೆ. ಆದ್ದರಿಂದ ಈ ವಿಷಯವನ್ನು ಹೆಂಗಸರ ಅಲಂಕಾರದ ಮಾತೆಂದು ಪಕ್ಕಕ್ಕೆ ಸರಿಸುವುದು ಉಚಿತವಲ್ಲ.

ಮೊದಲಿಗೆ ಇದು ಏನೆಂಬುದನ್ನು ತಿಳಿಯಬೇಕು. ಸಾಲಾಗಿ ಜೋಡಿಸಿದ ಅತಿಸೂಕ್ಷ್ಮ ಸೂಜಿಗಳ ಅಲಗಿನಿಂದ ಹುಬ್ಬಿನ ಚರ್ಮದ ಮೇಲ್ಪದರವನ್ನು ಕೂದಲೆಳೆಯಂತೆ ಗೀರಿ, ಆ ಗೀರಿನೊಳಗೆ ಬಣ್ಣ ಸೇರಿಸಲಾಗುತ್ತದೆ. ಹಿಂದೆ ಕೊರವಂಜಿಯರು ಮನೆಯಂಗಳದಲ್ಲಿ ಹಾಕುತ್ತಿದ್ದ ಹಚ್ಚೆಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಆಳ ಕಡಿಮೆ, ಬಣ್ಣ ಬೇರೆ, ದರ ಮಾತ್ರ ಹಲವು ಪಟ್ಟು. ಬಣ್ಣವು ಸಾಮಾನ್ಯವಾಗಿ ಒಂದರಿಂದ ಎರಡು ವರ್ಷಗಳಲ್ಲಿ ಮಾಸುವುದರಿಂದ ಇದನ್ನು ಅರೆಶಾಶ್ವತ ಎನ್ನುತ್ತಾರೆ. ಎಣ್ಣೆ ಚರ್ಮದವರಲ್ಲಿ ಇನ್ನೂ ಬೇಗ ಮಾಸಬಹುದು. ಕೆಲವರಲ್ಲಿ ಪೂರ್ತಿ ಹೋಗದೆ ಕೆಂಪು ಅಥವಾ ನೀಲಿ ಛಾಯೆಯಾಗಿ ಉಳಿಯುವುದೂ ಉಂಟು. ಕಲೆಯಾದರೆ ಅದಕ್ಕೆ ಅರೆ ಎಂಬ ವಿಶೇಷಣ ಅನ್ವಯಿಸದು.

ವೆಚ್ಚದ ಲೆಕ್ಕವನ್ನೂ ಹೀಗೆಯೇ ನೋಡತಕ್ಕದ್ದು. ಫಲಕದ ಮೇಲೆ ಬರೆದ ದರವು ಮೊದಲ ಕಂತು ಮಾತ್ರ. ನಾಲ್ಕರಿಂದ ಎಂಟು ವಾರಗಳ ನಂತರ ಬಣ್ಣ ತುಂಬಿಸುವ ಎರಡನೆಯ ಭೇಟಿ ಬಹುತೇಕ ಅನಿವಾರ್ಯ. ಅದು ದರದಲ್ಲಿ ಸೇರಿದೆಯೇ ಎಂದು ಮುಂಚೆಯೇ ಕೇಳಬೇಕು. ಬಣ್ಣ ಮಾಸಿದಂತೆಲ್ಲ ಮರುಲೇಪನ ಬೇಕು. ಫಲಿತಾಂಶ ಹಿಡಿಸದಿದ್ದರೆ ಲೇಸರ್ ಮೂಲಕ ತೆಗೆಸುವುದು ಹಲವು ಭೇಟಿಗಳ ಕೆಲಸ. ಇಷ್ಟಾಗಿಯೂ ಕಬ್ಬಿಣದ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ ಬಣ್ಣಗಳು ಲೇಸರ್ ತಗುಲಿದಾಗ ಮತ್ತಷ್ಟು ಕಪ್ಪಾಗುವ ಸಂಭವವಿದೆ. ಯಂತ್ರ ಖರೀದಿಸುವಾಗ ಬಿಡಿಭಾಗ ಮತ್ತು ನಿರ್ವಹಣೆಯ ಖರ್ಚನ್ನು ಕೂಡಿಸಿ ನೋಡುವ ಉದ್ಯಮಿಯು ಮಗಳ ಹುಬ್ಬಿನ ವಿಷಯದಲ್ಲಿ ಮೊದಲ ದರಪಟ್ಟಿಗೇ ಒಪ್ಪುವುದು ವಿಚಿತ್ರ.

ಮದುವೆಯ ಕಾರಣಕ್ಕೆ ಮಾಡಿಸುವವರು ದಿನಾಂಕದ ಕಡೆಗೆ ವಿಶೇಷ ಗಮನ ಹರಿಸಬೇಕು. ಗೀರಿದ ಚರ್ಮ ಮೇಲ್ನೋಟಕ್ಕೆ ಮಾಯಲು ಏಳರಿಂದ ಹದಿನಾಲ್ಕು ದಿನಗಳು ಬೇಕು; ಆ ಅವಧಿಯಲ್ಲಿ ಬಣ್ಣ ಮೊದಲು ದಟ್ಟವಾಗಿ ಕಂಡು, ಬಳಿಕ ಹೊಪ್ಪಳೆಯೊಂದಿಗೆ ಉದುರುತ್ತದೆ. ನೀರು, ಬೆವರು, ಧೂಳು, ಉಜ್ಜುವಿಕೆ ಇವೆಲ್ಲ ವರ್ಜ್ಯ. ನಮ್ಮ ಭಾಗದ ಮದುವೆಗಳಲ್ಲಾದರೋ ವಧುವಿಗೆ ಮುಖದ ತುಂಬ ಅರಿಶಿನ ಹಚ್ಚಿ ಸುರಗಿಯ ನೀರು ಹಾಕುತ್ತಾರೆ. ಆದ್ದರಿಂದ ಎರಡನೆಯ ಭೇಟಿಯೂ ಮುಗಿದು ಗಾಯ ಮಾಯುವಂತೆ, ಲಗ್ನಕ್ಕೆ ಎರಡು ಮೂರು ತಿಂಗಳು ಮೊದಲೇ ಕೆಲಸ ಪೂರೈಸಬೇಕು. ಕೊನೆಯ ವಾರದ ರಿಯಾಯಿತಿಯನ್ನು ಒಪ್ಪಲೇಬಾರದು.

ಮಧುಮೇಹ ಹತೋಟಿಯಲ್ಲಿಲ್ಲದವರು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಗಾಯದ ಜಾಗದಲ್ಲಿ ಗಂಟಿನಂತೆ ಕಲೆ ಏಳುವವರು, ಮೊಡವೆಗೆ ಐಸೊಟ್ರೆಟಿನಾಯಿನ್ ತೆಗೆದುಕೊಳ್ಳುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಬಣ್ಣದ ಒಂದು ಹನಿಯನ್ನು ಮುಂಚಿತವಾಗಿ ಚರ್ಮದ ಮೇಲೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಅದರಿಂದ ಅಲರ್ಜಿಯ ಸಾಧ್ಯತೆ ಪೂರ್ತಿ ನಿವಾರಣೆಯಾಗದು ಎಂಬುದೂ ನೆನಪಿರಲಿ. ನೋವು ತಿಳಿಯದಂತೆ ಹಚ್ಚುವ ಲಿಡೊಕೇಯ್ನ್ ಮುಲಾಮು ಔಷಧವೇ ಹೊರತು ಸೌಂದರ್ಯವರ್ಧಕವಲ್ಲ. ಹೆಚ್ಚಿನ ಪ್ರಮಾಣದ ಇಂತಹ ಮುಲಾಮುಗಳ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಮಾರ್ಚ್‌ನಲ್ಲಿ ಎಚ್ಚರಿಕೆ ನೀಡಿತು. ಎಂ.ಆರ್.ಐ. ಪರೀಕ್ಷೆಗೆ ಹೋಗುವಾಗ ಹುಬ್ಬಿನಲ್ಲಿ ಬಣ್ಣವಿರುವುದನ್ನು ಸಿಬ್ಬಂದಿಗೆ ತಿಳಿಸಬೇಕು. ಸೂಜಿಯ ಮೂಲಕ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್.ಐ.ವಿ. ಹರಡಬಲ್ಲವಾದ್ದರಿಂದ ಅಲಗಿನ ಪೊಟ್ಟಣವನ್ನು ಗಿರಾಕಿಯ ಕಣ್ಣೆದುರೇ ಒಡೆಯಬೇಕು, ಬಳಸಿದ ಅಲಗನ್ನು ಕಣ್ಣೆದುರೇ ಎಸೆಯಬೇಕು. ಇದನ್ನು ಕೇಳಲು ಸಂಕೋಚಪಡುವವರಿಗೆ ಹುಬ್ಬಿಗೆ ಪೆನ್ಸಿಲ್ಲೇ ಲೇಸು.

ಈ ಬಣ್ಣಗಳ ಮೇಲೆ ಸರ್ಕಾರದ ನಿಗಾ ಎಷ್ಟಿದೆ ಎಂಬ ಪ್ರಶ್ನೆ ಸಹಜ. 2025ರ ಆರಂಭದಲ್ಲಿ ಕರ್ನಾಟಕದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು, ರಾಜ್ಯದಲ್ಲಿ ಪರೀಕ್ಷಿಸಿದ ಹಚ್ಚೆಯ ಶಾಯಿಯಲ್ಲಿ ಸೆಲೆನಿಯಂ, ಕ್ರೋಮಿಯಂ, ಆರ್ಸೆನಿಕ್ ಸೇರಿದಂತೆ 22 ಲೋಹಗಳು ಕಂಡುಬಂದಿವೆಯೆಂದೂ, ಇದಕ್ಕೆ ಮಾನದಂಡ ನಿಗದಿಪಡಿಸಲು ಕೇಂದ್ರವನ್ನು ಕೋರಲಾಗುವುದೆಂದೂ ಪ್ರಕಟಿಸಿದರು. ಐರೋಪ್ಯ ಒಕ್ಕೂಟವು 2022ರ ಜನವರಿ 4ರಿಂದ ಹಚ್ಚೆಯ ಶಾಯಿಗೂ ಶಾಶ್ವತ ಅಲಂಕಾರದ ಬಣ್ಣಗಳಿಗೂ ಸಾವಿರಾರು ರಾಸಾಯನಿಕಗಳ ಮಿತಿಯನ್ನು ಜಾರಿಗೆ ತಂದಿದೆ. ಅಮೆರಿಕದಲ್ಲಿ 2003–04ರಷ್ಟು ಹಿಂದೆಯೇ ಇಂತಹ ಬಣ್ಣಗಳ ಬಗ್ಗೆ 150ಕ್ಕೂ ಹೆಚ್ಚು ದೂರುಗಳು ಬಂದು, ತಯಾರಕರು ಸರಕನ್ನು ಹಿಂದಕ್ಕೆ ಪಡೆಯಬೇಕಾಯಿತು. ಇಲ್ಲಿಯೋ, ಸ್ಥಳೀಯ ಸಂಸ್ಥೆ ನೀಡುವ ವ್ಯಾಪಾರ ಪರವಾನಗಿಯು ಅಂಗಡಿಗೆ ಸಂಬಂಧಿಸಿದ್ದು. ಅಲಗು ಹಿಡಿದ ಕೈಯ ತರಬೇತಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಎರಡು ದಿನದ ಶಿಬಿರದ ಪ್ರಮಾಣಪತ್ರವೂ ಗೋಡೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ.

ಹೀಗಿರುವಾಗ ಗಿರಾಕಿಗೆ ದೊರೆಯುವ ಗಟ್ಟಿಯಾದ ರಕ್ಷಣೆಯೆಂದರೆ ಕಾಗದ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವೆಗೆ ಬಿಲ್ ಅಥವಾ ರಸೀದಿ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿಯ ವ್ಯಾಖ್ಯೆಯೊಳಗೆ ಬರುತ್ತದೆ. ಬಿಲ್ಲಿನಲ್ಲಿ ಸೇವೆಯ ಹೆಸರು, ಬಣ್ಣದ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಮಾಡಿದವರ ಹೆಸರು ಇರುವಂತೆ ನೋಡಿಕೊಳ್ಳಬೇಕು. ಮುಂಚಿನ ಮತ್ತು ನಂತರದ ಛಾಯಾಚಿತ್ರ ಇರಲಿ. ತರಬೇತಿಯವರು ಅಭ್ಯಾಸಕ್ಕಾಗಿ ಉಚಿತವಾಗಿ ಮಾಡಿಕೊಡುತ್ತೇವೆಂದು ಕರೆಯುವುದುಂಟು. ಉಚಿತವಾಗಿ ಪಡೆದದ್ದು ಈ ಕಾಯ್ದೆಯ ಪ್ರಕಾರ ‘ಸೇವೆ’ಯೇ ಅಲ್ಲ, ಕೆಟ್ಟರೆ ಗ್ರಾಹಕ ಆಯೋಗದ ಬಾಗಿಲು ತೆರೆಯದು.

ಪುರಾವೆಯ ಮಹತ್ವಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ದೆಹಲಿಯ ಪಂಚತಾರಾ ಹೋಟೆಲೊಂದರ ಸಲೂನಿನಲ್ಲಿ 2018ರಲ್ಲಿ ಕೂದಲು ತಪ್ಪಾಗಿ ಕತ್ತರಿಸಿದ್ದಕ್ಕೆ ರಾಷ್ಟ್ರೀಯ ಗ್ರಾಹಕ ಆಯೋಗವು 2021ರಲ್ಲಿ 2 ಕೋಟಿ ರೂ. ಪರಿಹಾರ ವಿಧಿಸಿತು. 2023ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸೇವಾ ನ್ಯೂನತೆಯ ನಿರ್ಣಯಕ್ಕೆ ಕೈ ಹಾಕಲಿಲ್ಲ. ಆದರೆ ಮೊತ್ತವನ್ನು ಸಮರ್ಥಿಸುವ ದಾಖಲೆಗಳಿಲ್ಲವೆಂದು ಆ ಆದೇಶವನ್ನು ರದ್ದುಪಡಿಸಿ, ಮರುಪರಿಶೀಲನೆಗೆ ಹಿಂದಿರುಗಿಸಿತು. ಹಾನಿಯಾಗಿದೆ ಎನ್ನುವುದು ಒಂದು, ಎಷ್ಟು ಎಂದು ತೋರಿಸುವುದು ಇನ್ನೊಂದು. ಚರ್ಮರೋಗ ತಜ್ಞರ ಚೀಟಿ, ಔಷಧದ ಬಿಲ್ಲು, ಊರಿಂದ ಬೆಳಗಾವಿಗೆ ಹೋಗಿಬಂದ ಖರ್ಚಿನ ಚೀಟಿ, ಎಲ್ಲವನ್ನೂ ಕೂಡಿಡಬೇಕು.

ಸೇವೆ ನೀಡುವವರ ಪಾಲಿಗೂ ಇದೇ ಕಾಗದವೇ ಕವಚ. ‘ನಾವು ಹೊಣೆಗಾರರಲ್ಲ’ ಎಂದು ಮೊದಲೇ ಸಹಿ ಮಾಡಿಸಿಕೊಂಡ ಮಾತ್ರಕ್ಕೆ ನಿರ್ಲಕ್ಷ್ಯದಿಂದ ಪಾರಾಗಲಾಗದು. ಗಿರಾಕಿಯ ಆರೋಗ್ಯದ ಪ್ರಶ್ನಾವಳಿ, ತಿಳಿಸಿ ಪಡೆದ ಒಪ್ಪಿಗೆ, ಬ್ಯಾಚ್ ವಹಿ, ಇವನ್ನು ನಗದು ಪುಸ್ತಕದಷ್ಟೇ ಶ್ರದ್ಧೆಯಿಂದ ಇಡತಕ್ಕದ್ದು. ತೆರಿಗೆಯ ಮಾತಿಗೆ ಬಂದರೆ, ಸೌಂದರ್ಯ ಸೇವೆಗಳ ಜಿ.ಎಸ್.ಟಿ. ದರವು 2025ರ ಸೆಪ್ಟೆಂಬರ್ 22ರಿಂದ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ, ಹೂಡುವಳಿ ತೆರಿಗೆ ಜಮೆ ಮಾತ್ರ ಇಲ್ಲ. ಬಣ್ಣ, ಅಲಗು, ಕುರ್ಚಿ ಖರೀದಿಯ ಮೇಲೆ ಕೊಟ್ಟ ತೆರಿಗೆ ಈಗ ವೆಚ್ಚವೇ. ಶೇ. 6ರ ರಾಜಿ ತೆರಿಗೆಯನ್ನು ಆಯ್ದುಕೊಂಡಿರುವ ಪಾರ್ಲರುಗಳು ಅದನ್ನು ಗಿರಾಕಿಯಿಂದ ವಸೂಲು ಮಾಡುವಂತಿಲ್ಲವಾದ್ದರಿಂದ, ಆ ಆಯ್ಕೆ ಇನ್ನೂ ಲಾಭಕರವೇ ಎಂದು ಮತ್ತೊಮ್ಮೆ ಲೆಕ್ಕ ಹಾಕುವುದು ಮೇಲು.

ಈ ಬಣ್ಣಗಳನ್ನು ಸಗಟಾಗಿ ತರಿಸಿ ಪಾರ್ಲರುಗಳಿಗೆ ಮಾರುವ ವರ್ತಕರಿಗೆ ಅಪಾಯ ಇನ್ನೂ ಹತ್ತಿರದ್ದು. ತಯಾರಕರು ಯಾರೆಂದು ತಿಳಿಯದಿದ್ದಲ್ಲಿ ಅಥವಾ ಅವರಿಗೆ ನೋಟಿಸ್ ತಲುಪಿಸಲಾಗದಿದ್ದಲ್ಲಿ ಉತ್ಪನ್ನದ ಹೊಣೆ ಮಾರಾಟಗಾರರ ಮೇಲೆಯೇ ಬೀಳಬಹುದೆಂದು 2019ರ ಕಾಯ್ದೆಯ 86ನೆಯ ಕಲಮು ಹೇಳುತ್ತದೆ. ವಿಳಾಸವಿಲ್ಲದ ಬಾಟಲಿಯ ಲಾಭಾಂಶ ಎಷ್ಟೇ ಆಕರ್ಷಕವಾಗಿರಲಿ, ಅದನ್ನು ದಾಸ್ತಾನು ಮಾಡಬಾರದು.

ತೊಂದರೆಯಾದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕೆಲಸ ಪುಣೆಯಲ್ಲೇ ಆಗಿರಲಿ, ಬೆಂಗಳೂರಿನಲ್ಲೇ ಆಗಿರಲಿ, ದೂರುದಾರರು ವಾಸಿಸುವ ಜಿಲ್ಲೆಯ ಆಯೋಗದಲ್ಲಿ, ಅಂದರೆ ಯರಗಟ್ಟಿಯವರು ಬೆಳಗಾವಿಯಲ್ಲಿಯೇ ದೂರು ದಾಖಲಿಸಲು ಕಾಯ್ದೆ ಅವಕಾಶ ನೀಡಿದೆ. ಕೊಟ್ಟ ಹಣ 5 ಲಕ್ಷ ರೂ. ಒಳಗಿದ್ದರೆ ಶುಲ್ಕವಿಲ್ಲ. ಅವಧಿ ಎರಡು ವರ್ಷ.